ಕೆಳಗಿನಣ್ಣನ ಹಂಚು

ಫೆಬ್ರವರಿ 9

ಅಣ್ಣನಿಗೆ,

‘ಮಾಡಿನ ಮೇಲೆ ನಿಂತವನ ಜೀವ ಕೆಳಗೆ ನಿಂತವನ ಕಣ್ಣಲ್ಲಿ...’ ಹೀಗೊಂದು ಸಾಲು ಮೂರು ದಿನದಿಂದ ತಲೆಯಲ್ಲಿ ಸುತ್ತುತ್ತಿದೆ. ಮುಂದಿನ ಅರ್ಧ ನೆನಪಾಗುತ್ತಿಲ್ಲ. ಅಪ್ಪ ಹೇಳುತ್ತಿದ್ದರೋ, ನಾನೇ ಎಲ್ಲೋ ಓದಿದ್ದೋ, ಅದೂ ತಿಳಿಯದು. ಓದಿದ್ದನ್ನೆಲ್ಲ ಅಪ್ಪನ ಬಾಯಿಗೆ ಹಾಕುವ ಚಟ ನನಗೆ ಮೊದಲಿನಿಂದಲೂ ಇದೆ. ಈಗ ನನ್ನನ್ನು ಕಾಡುವುದು ಆ ಮಾತು ನಿಜವೇ ಎಂಬುದು. ನಿಜವಾದರೆ, ಕೆಳಗೆ ನಿಲ್ಲುವವನೇ ಮೇಲೆ ಹತ್ತಿದ ದಿನ ಅವನ ಜೀವ ಯಾರ ಕಣ್ಣಲ್ಲಿ ಇರಬೇಕಿತ್ತು? ನಾನಂತೂ ಆ ಹೊತ್ತಿನಲ್ಲಿ, ನಾವು ಹಂಚು ಹೊದಿಸುತ್ತಿದ್ದ ಶಾಲೆಯ ಆಫೀಸು ಕೋಣೆಯಲ್ಲಿ ಕುಳಿತು ಕಾಗದಕ್ಕೆ ಸಹಿ ಹಾಕಿಸುತ್ತಿದ್ದೆ. ಹೊರಗೆ ಸದ್ದಾಯಿತು. ಹಂಚು ಬಿತ್ತೆಂದುಕೊಂಡು ಇನ್ನೊಂದು ಪುಟ ತಿರುವಿದೆ.

ಆಸ್ಪತ್ರೆಯಲ್ಲಿ ನೀವು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಿರಿ. ಅಲ್ಲಿಂದ ನೇರವಾಗಿ ಅತ್ತಿಗೆಯ ಊರಿಗೆ ಹೋಗಿಬಿಟ್ಟಿರಿ. ಬಸ್ಸಿನಲ್ಲಿ ಏಳು ಗಂಟೆಯ ದಾರಿ. ಫೋನು ಮಾಡೋಣವೆಂದರೆ ನಿಮ್ಮ ಕಿವಿ ಅದರ ದನಿ ಹಿಡಿಯುವುದಿಲ್ಲ. ಇಪ್ಪತ್ತೆರಡು ವರ್ಷ ನಮ್ಮ ಗುತ್ತಿಗೆಯಲ್ಲಿ ಮಾಡಿನ ತಗಡು ಕೊಯ್ದ ಕಿವಿ ಅದು. ಅತ್ತಿಗೆಗೆ ಮಾಡಿದರೆ ‘ಮಲಗಿದ್ದಾರೆ’ ಎಂದು ಹೇಳಿ ಇಟ್ಟುಬಿಡುತ್ತಾರೆ. ಯಾವ ಮನುಷ್ಯನೂ ಅಷ್ಟು ಮಲಗಲಾರ. ಅದಕ್ಕೇ ಈ ಪತ್ರ.

ಕಾರ್ಮಿಕರ ಪರಿಹಾರ ವಿಮೆಗೆ ಅರ್ಜಿ ಕಳಿಸಿದ್ದೇನೆ. ಆಸ್ಪತ್ರೆಯ ಖರ್ಚು, ನೀವು ಎದ್ದು ಓಡಾಡುವ ತನಕ ವಾರದ ಕೂಲಿಯ ದೊಡ್ಡ ಪಾಲು, ಎರಡೂ ಅಲ್ಲಿಂದಲೇ ಬರಬೇಕು. ಅರ್ಜಿಯಲ್ಲಿ ‘ಅಪಘಾತ ಹೇಗಾಯಿತು’ ಎಂಬ ಪ್ರಶ್ನೆಗೆ ನಾಲ್ಕು ಗೆರೆಯಷ್ಟು ಜಾಗ ಬಿಟ್ಟಿದ್ದಾರೆ. ನಾಲ್ಕು ಗೆರೆಯಲ್ಲಿ ಏನೆಂದು ಬರೆಯಲಿ? ಅಪ್ಪ ತಮ್ಮ ಎಳೆವಯಸ್ಸಿನಲ್ಲಿ ಯಾರದೋ ಕೈಕೆಳಗೆ ಎರಡು ವರ್ಷ ಗಾರೆ ಕಲಸಿದ್ದು, ಒಂದು ದಿನವೂ ಅವರು ಅಪ್ಪನನ್ನು ಏಣಿ ಹತ್ತಲು ಬಿಡದೇ ಇದ್ದದ್ದು, ತಾವೇ ಗುತ್ತಿಗೆ ಹಿಡಿಯಲು ತೊಡಗಿದ ಮೇಲೆ ‘ಮಾಡಿನ ನೆತ್ತಿಯ ಕೊನೆಯ ಹಂಚು ಕೆಳಗೆ ನಿಂತು ದುಡಿದವನದು’ ಎಂದು ನಿಯಮ ಮಾಡಿದ್ದು, ಆ ನಿಯಮದ ಪ್ರಕಾರ ನೀವು ಆವತ್ತು ಹತ್ತಿದ್ದು. ಇದೆಲ್ಲ ಆ ನಾಲ್ಕು ಗೆರೆಗೆ ಹಿಡಿಯಲಿಲ್ಲ. ‘ಕೆಲಸದ ಸ್ಥಳದಲ್ಲಿ ಬಿದ್ದು ಪೆಟ್ಟಾಗಿದೆ’ ಎಂದಷ್ಟೇ ಬರೆದೆ. ಸುಳ್ಳಲ್ಲ. ಆದರೂ ಬರೆದ ಮೇಲೆ ಪೆನ್ನಿನ ಮುಚ್ಚಳ ಹಾಕಲು ಕೈ ಬರಲಿಲ್ಲ.

ಸೊಂಟದ ನೋವು ಹೇಗಿದೆ, ಎರಡು ಸಾಲು ಬರೆಸಿ.

ನಿಮ್ಮ
ಕಾಗದದಕ್ಕ
(ನೀವೇ ಇಟ್ಟ ಹೆಸರು. ಬೇರೆ ಹೆಸರಿನಿಂದ ಸಹಿ ಹಾಕಿದರೆ ನೀವು ಓದದೇ ಇಟ್ಟುಬಿಟ್ಟೀರಿ.)


ಫೆಬ್ರವರಿ 28

ಅಣ್ಣನಿಗೆ,

ಉತ್ತರ ಬರಲಿಲ್ಲ. ಇರಲಿ.

ಮುಂದಿನ ವಾರ ವಿಮಾ ಕಂಪನಿಯಿಂದ ಒಬ್ಬರು ತನಿಖೆಗೆ ನಿಮ್ಮಲ್ಲಿಗೆ ಬರುತ್ತಾರೆ. ಮೂವತ್ತರ ಒಳಗಿನ ಹೆಂಗಸು, ಚೀಲದಲ್ಲಿ ಅಳತೆಯ ಟೇಪು. ಶಾಲೆಗೆ ಬಂದು ಮಾಡಿನ ಎತ್ತರ ಅಳೆದರು, ಏಣಿ ಅಳೆದರು, ನೀವು ಬಿದ್ದ ಮರಳಿನ ರಾಶಿಯನ್ನೂ ಅಳೆದರು. ಆ ರಾಶಿ ಅಲ್ಲಿರದೇ ಹೋಗಿದ್ದರೆ ಎಂದು ನಾನು ಮಾತು ತೆಗೆದೆ. ‘ಇರದೇ ಇದ್ದದ್ದನ್ನು ನಾನು ಅಳೆಯೋದಿಲ್ಲ ಮೇಡಂ’ ಎಂದರು.

ನಿಮಗೊಂದು ವಿಷಯ ಹೇಳಬೇಕು. ಪ್ರತಿ ವರ್ಷ ವಿಮೆಯ ಫಾರಂ ತುಂಬುವವಳು ನಾನು. ಅದರಲ್ಲಿ ಎರಡು ಕಾಲಂ ಇವೆ: ಮಾಡಿನ ಮೇಲೆ ಕೆಲಸ ಮಾಡುವವರು, ನೆಲದ ಮೇಲೆ ಕೆಲಸ ಮಾಡುವವರು. ಮೇಲಿನವರಿಗೆ ಕಂತು ಹೆಚ್ಚು, ಕೆಳಗಿನವರಿಗೆ ಅದರ ಕಾಲು ಭಾಗವೂ ಇಲ್ಲ. ಅಪ್ಪ ಹೋದ ಮೇಲಿನ ಆರು ವರ್ಷವೂ ಮೇಲೆ ನಾಲ್ವರು, ಕೆಳಗೆ ಇಬ್ಬರು ಎಂದು ಬರೆದೆ. ಕೆಳಗಿನ ಇಬ್ಬರು ನೀವು ಮತ್ತು ಗಾರೆಯಕ್ಕ. ಪ್ರತಿ ಕೆಲಸದ ಕೊನೆಗೆ ನಿಮ್ಮಿಬ್ಬರಲ್ಲಿ ಒಬ್ಬರು ನೆತ್ತಿಗೆ ಹತ್ತುವುದು ನನಗೆ ಗೊತ್ತಿತ್ತು. ಹತ್ತು ನಿಮಿಷದ ಮಾತು ತಾನೇ ಎಂದುಕೊಂಡೆ. ಸೊಂಟಕ್ಕೆ ಕಟ್ಟುವ ಬೆಲ್ಟು ಕೊಂಡದ್ದೂ ಆ ಫಾರಂ ನೋಡಿಯೇ. ನಾಲ್ಕು.

ಈಗ ಕಂಪನಿಗೆ ಇದು ತಿಳಿದರೆ ನಮ್ಮ ಪಾಲಿಸಿಯನ್ನು ಏನು ಮಾಡುತ್ತಾರೋ ಗೊತ್ತಿಲ್ಲ. ಆಸ್ಪತ್ರೆಯ ಹೊಸ ಕಟ್ಟಡದ ಮಾಡಿನ ಕೆಲಸ ನಮಗೆ ಬರುವುದರಲ್ಲಿದೆ, ಆದರೆ ವಿಮೆಯ ಪ್ರಮಾಣಪತ್ರವಿಲ್ಲದೆ ಅವರು ಗೇಟಿನ ಒಳಗೂ ಬಿಡುವುದಿಲ್ಲ. ಆರು ಮನೆಗಳ ಒಂದು ವರ್ಷದ ಊಟ ಅದು.

ತನಿಖೆಯವರಿಗೆ ಏನು ಹೇಳಬೇಕೆಂದು ನಿಮಗೆ ಅನಿಸುತ್ತದೋ ಅದನ್ನೇ ಹೇಳಿ.

ನಿಮ್ಮ
ಕಾಗದದಕ್ಕ


ಮಾರ್ಚ್ 14

ತಂಗ್ಯಮ್ಮನಿಗೆ,

ಬಲಗೈ ಇನ್ನೂ ಪ್ಲಾಸ್ಟರಿನೊಳಗೆ ಇದೆ. ನಾನು ಹೇಳ್ತಿದ್ದೀನಿ, ನಿನ್ನ ಅತ್ತಿಗೆ ಬರೀತಿದ್ದಾಳೆ. ಅಕ್ಷರ ಅವಳದು, ಮಾತು ನನ್ನದು.

ಸೊಂಟ ಪರವಾಗಿಲ್ಲ. (ಪರವಾಗಿದೆ. ಪಕ್ಕ ತಿರುಗೋಕೆ ನನ್ನನ್ನ ಕೂಗ್ತಾರೆ. ಇದನ್ನ ನಾನು ಬರೀತಿರೋದು ಅವರಿಗೆ ಗೊತ್ತಿಲ್ಲ.)

ಟೇಪಮ್ಮ ಬಂದಿದ್ದಳು. ಎಷ್ಟು ಜೋರಾಗಿ ಮಾತಾಡಬೇಕು ಅಂತ ಅವಳಿಗೆ ಬೇಗ ಗೊತ್ತಾಯ್ತು, ಬುದ್ಧಿವಂತೆ. ‘ಮೇಲೆ ಹತ್ತು ಅಂತ ಯಾರು ಹೇಳಿದ್ರು?’ ಅಂದಳು. ‘ಯಾರೂ ಹೇಳಲಿಲ್ಲ. ಬೇಡ ಅಂದ್ರು, ನಾನೇ ಕೇಳಲಿಲ್ಲ’ ಅಂದೆ. ‘ಮತ್ತೆ ಯಾಕೆ ಹತ್ತಿದ್ರಿ?’ ‘ಮೇಲಿಂದ ಊರು ಹೇಗೆ ಕಾಣುತ್ತೆ ನೋಡೋಣ ಅಂತ.’ ‘ಹಿಂದೆ ಯಾವಾಗಲಾದರೂ ಹತ್ತಿದ್ರಾ?’ ‘ಒಂದು ದಿನವೂ ಇಲ್ಲ.’ ಎಲ್ಲಾ ಬರಕೊಂಡಳು. ಎಡಗೈಯಲ್ಲಿ ಸಹಿ ಹಾಕಿದೆ, ಕಾಗೆ ಕಾಲು ಗುಬ್ಬಿ ಕಾಲು. ನಡೀತು.

ಇನ್ನು ನಿನಗೆ ಭಯ ಬೇಡ. ಆಸ್ಪತ್ರೆ ಕೆಲಸ ಹಿಡಿ. ಪಡುವಣ ಗಾಳಿ ಜೋರಿರೋ ಕಡೆ ಹಂಚನ್ನ ಎರಡು ಬೆರಳು ಹೆಚ್ಚು ಒಳಗೆ ಕೂರಿಸೋಕೆ ಹೇಳು. ಅವರು ಮರೀತಾರೆ. ಕೆಳಗಿಂದ ಕೂಗೋನು ಈಗ ಇಲ್ಲ.

ಇಂತಿ
ಕೆಳಗಿನಣ್ಣ

ಇದು ನಾನು, ಅತ್ತಿಗೆ. ಅವರು ಈಗ ನಿಜವಾಗಿಯೂ ಮಲಗಿದ್ದಾರೆ. ಇಷ್ಟು ವರ್ಷ ನಿನ್ನನ್ನ ನೀನು ಅಂತಿದ್ದೆ, ಇವತ್ತು ನೀವು ಅಂತೀನಿ. ಅರ್ಥ ಮಾಡಿಕೊಳ್ಳಿ. ಇವತ್ತು ಕಂಪನಿಯಿಂದ ಕಾಗದ ಬಂತು, ಪರಿಹಾರ ಕೊಡೋದಿಲ್ಲವಂತೆ. ಅವರಿಗೆ ಇನ್ನೂ ಹೇಳಿಲ್ಲ. ಈ ಬೀದಿಯಲ್ಲಿ ಏನಂತಾರೆ ಗೊತ್ತಾ? ಕುಡಿದು ಹತ್ತಿ ಬಿದ್ದ ಅಂತಾರೆ. ಹುಟ್ಟಿದಾಗಿನಿಂದ ಟೀ ಬಿಟ್ಟು ಇನ್ನೊಂದು ಕುಡಿದೋರಲ್ಲ. ನಿಮ್ಮ ಅಣ್ಣ ನಿಮ್ಮನ್ನ ಉಳಿಸಿದ್ರು. ಸಂತೋಷ. ನಮ್ಮನ್ನ ಉಳಿಸೋರು ಯಾರು ಅಂತ ನಿಮ್ಮ ಪುಸ್ತಕದಲ್ಲಿ ಎಲ್ಲಾದರೂ ಬರೆದಿದ್ದರೆ ತಿಳಿಸಿ.


ಮಾರ್ಚ್ 25

ಅಣ್ಣನಿಗೆ, ಅತ್ತಿಗೆಗೆ,

ಇದನ್ನು ಇಬ್ಬರೂ ಕೂತು ಓದಿ. ಅತ್ತಿಗೆ, ನೀವೇ ಗಟ್ಟಿಯಾಗಿ ಓದಿ ಹೇಳಿ.

ನಿಮ್ಮ ಪತ್ರ ಬಂದ ಮಾರನೇ ಬೆಳಗ್ಗೆಯೇ ಕಂಪನಿಯ ಆಫೀಸಿಗೆ ಹೋದೆ. ಅಣ್ಣ ನೆಲದ ಕಾಲಂನಲ್ಲಿದ್ದಾರೆ, ಅದಕ್ಕೇ ಪರಿಹಾರ ಇಲ್ಲವೆಂದಿದ್ದಾರೆ, ನನ್ನ ಪೆನ್ನೇ ಅವರನ್ನು ಕೊಂದಿತು ಎಂದು ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಟೇಪಮ್ಮನವರ ಮೇಜಿನ ಮುಂದೆ ಕೂತು ಅದನ್ನೇ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು.

‘ಮೇಡಂ, ಅವರು ಯಾವ ಕಾಲಂನಲ್ಲಿದ್ದಾರೆ ಅನ್ನೋದಕ್ಕೂ ಅವರಿಗೆ ಪರಿಹಾರ ಸಿಗೋದಕ್ಕೂ ಸಂಬಂಧ ಇಲ್ಲ. ಕಾಲಂ ತಪ್ಪಾಗಿದ್ರೆ ಅದು ನಮಗೂ ನಿಮಗೂ ಇರೋ ವ್ಯವಹಾರ. ಬಾಕಿ ಕಂತು ನಿಮ್ಮಿಂದ ವಸೂಲಿ ಮಾಡ್ತೀವಿ. ಕೆಲಸ ಮಾಡ್ತಾ ಬಿದ್ದವರಿಗೆ ಮಾತ್ರ ಕೊಟ್ಟೇ ಕೊಡ್ತೀವಿ.’

‘ಮತ್ತೆ ಯಾಕೆ ಇಲ್ಲ ಅಂದ್ರಿ?’

‘ಅವರೇ ಬರೆದುಕೊಟ್ಟಿದ್ದಾರಲ್ಲ, ಬೇಡ ಅಂದ್ರೂ ಊರು ನೋಡೋಕೆ ಹತ್ತಿದೆ ಅಂತ. ಊರು ನೋಡೋಕೆ ನಮ್ಮಲ್ಲಿ ವಿಮೆ ಇಲ್ಲ.’

ಅಣ್ಣಾ, ನಾವಿಬ್ಬರೂ ಇದನ್ನು ತಲೆಕೆಳಗು ಮಾಡಿಕೊಂಡಿದ್ದೆವು. ನಿಮಗೆ ಏಟಾಗುತ್ತದೆಂದು ನಾನು ಹೆದರಿದ ಸತ್ಯ ನಿಮಗೆ ಅನ್ನ ಕೊಡುವಂಥದು. ನನ್ನನ್ನು ಕಾಯಲು ನೀವು ಆಡಿದ ಸುಳ್ಳು ನಿಮ್ಮ ಅನ್ನವನ್ನೇ ಕಿತ್ತುಕೊಂಡಿತು.

ಇನ್ನೂ ಒಂದು ಮಾತಿದೆ, ಇದನ್ನು ಬರೆಯದೇ ಬಿಟ್ಟರೆ ಉಳಿದದ್ದೆಲ್ಲ ಬರೆದೂ ಉಪಯೋಗವಿಲ್ಲ. ಫೆಬ್ರವರಿಯ ಪತ್ರದಲ್ಲಿ ಆಸ್ಪತ್ರೆ ಕಟ್ಟಡದ ಕೆಲಸದ ಬಗ್ಗೆ, ಆರು ಮನೆಗಳ ಊಟದ ಬಗ್ಗೆ ಬರೆದೆನಲ್ಲ, ಅದನ್ನು ನಿಮಗೆ ಹೇಳುವ ಅಗತ್ಯ ಏನಿತ್ತು? ಸೊಂಟ ಮುರಿದು ಮಲಗಿದವರ ಎದೆಯ ಮೇಲೆ ಆರು ಮನೆಗಳನ್ನು ಇಟ್ಟು, ಆಮೇಲೆ ‘ನಿಮಗೆ ಅನಿಸಿದ್ದನ್ನು ಹೇಳಿ’ ಎಂದು ಕೈ ತೊಳೆದುಕೊಂಡೆ. ನೀವು ಏನು ಹೇಳುತ್ತೀರಿ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬರೆದೆ.

ಅದೇ ಮೇಜಿನ ಮೇಲೆ, ಅವರ ಪೆನ್ನು ತೆಗೆದುಕೊಂಡು, ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟೆ: ನೆತ್ತಿಯ ಹಂಚು ನಮ್ಮ ಗುತ್ತಿಗೆಯ ನಿಯಮ, ಅದೂ ಕೆಲಸವೇ, ಪ್ರತಿ ಮಾಡಿಗೂ ನಡೆದಿದೆ, ನನಗೆ ಗೊತ್ತಿತ್ತು, ಆದರೂ ನೆಲದ ಕಾಲಂ ತುಂಬಿದೆ. ಟೇಪಮ್ಮ ಓದಿ ಹೇಳಿದರು: ‘ನಿಮ್ಮ ಮಾತು ಒಂದು ಕಡೆ, ಅವರ ಸಹಿ ಇನ್ನೊಂದು ಕಡೆ. ಜೂನ್ ಕೊನೆಯ ಒಳಗೆ ಅವರೇ ತಮ್ಮ ಹೇಳಿಕೆ ಬದಲಿಸಬೇಕು. ಇಲ್ಲದಿದ್ರೆ ನಾನೇನೂ ಮಾಡೋಕಾಗಲ್ಲ.’

ಸಹಿ ಮಾಡಿ ಅಣ್ಣಾ.

ಕಾಗದದಕ್ಕ


ಏಪ್ರಿಲ್ 10

ತಂಗ್ಯಮ್ಮನಿಗೆ,

ಪ್ಲಾಸ್ಟರ್ ಬಿಚ್ಚಿದರು. ಅಕ್ಷರ ನನ್ನದೇ. ನಿನ್ನ ಅತ್ತಿಗೆಗೆ ಕೊಟ್ಟರೆ ತನ್ನದೂ ಸೇರಿಸುತ್ತಾಳೆ.

ನಾನು ಸಹಿ ಮಾಡೋದಿಲ್ಲ. ಸಿಟ್ಟಿನಿಂದ ಹೇಳ್ತಿಲ್ಲ. ಸಿಟ್ಟು ಇತ್ತು, ನಿನ್ನ ಪತ್ರ ಮೂರು ಸಲ ಓದಿದ ಮೇಲೆ ಇಳೀತು. ಏನು ಹೇಳ್ತೀನಿ ಅಂತ ಗೊತ್ತಿದ್ದೇ ಬರೆದೆ ಅಂತ ಒಪ್ಪಿಕೊಂಡೆಯಲ್ಲ, ಅದು ಸಾಕು. ಅದನ್ನ ಇನ್ನೊಮ್ಮೆ ಎತ್ತಬೇಡ.

ನಿನ್ನ ಮೊದಲ ಪತ್ರಕ್ಕೂ ಈಗಲೇ ಉತ್ತರ ಹೇಳಿಬಿಡ್ತೀನಿ. ನಿಮ್ಮಪ್ಪ, ನಮ್ಮ ಯಜಮಾನರು, ಅಂಥ ಸಾಲು ಹೇಳಿದವರಲ್ಲ. ಅವರು ಆಡ್ತಿದ್ದದ್ದು ಎರಡೇ ಮಾತು. ಕೆಲಸದ ಹೊತ್ತಿಗೆ ‘ಹಂಚು ಕೊಡು’, ಮಧ್ಯಾಹ್ನ ‘ಊಟ ಆಯ್ತಾ’. ಕಣ್ಣು, ಜೀವ ಎಲ್ಲಾ ನಿನ್ನ ಎಂ.ಎ.ಯದು.

ಸಹಿ ಯಾಕಿಲ್ಲ ಅಂದ್ರೆ ಕೇಳು. ಇಪ್ಪತ್ತೆರಡು ವರ್ಷ ನಾನು ಕೆಳಗೆ ನಿಂತೆ. ಮೇಲಿನವರ ಕೈಗೆ ಹಂಚು ಎಸೆದು ಎಸೆದು ನನ್ನ ಕುತ್ತಿಗೆ ಯಾವಾಗಲೂ ಮೇಲಕ್ಕೇ ಎತ್ತಿರುತ್ತೆ, ಮದುವೆ ಫೋಟೋದಲ್ಲೂ ಹಾಗೇ ಇದ್ದೀನಿ ಅಂತ ಇವಳು ನಗ್ತಾಳೆ. ಆದರೆ ಯಾವ ಬೀದಿಯಲ್ಲಿ ಹೋದರೂ ಯಾವುದೋ ಒಂದು ಮಾಡಿನ ನೆತ್ತಿ ಮೇಲೆ ನನ್ನ ಕೈ ಕೂರಿಸಿದ ಹಂಚು ಒಂದಿದೆ. ನೂರರ ಮೇಲಿವೆ. ಅದು ಯಜಮಾನರು ನನಗೆ ಕೊಟ್ಟದ್ದು. ಈಗ ಅದೇ ನಿಯಮದಿಂದ ಬಿದ್ದೆ ಅಂತ ನಾನೇ ಬರೆದುಕೊಟ್ಟರೆ ನಾಳೆಯಿಂದ ಆ ನಿಯಮ ನಿಲ್ಲಿಸಿಬಿಡ್ತಾರೆ. ಗಾರೆಯಕ್ಕನಿಗೂ ಇಲ್ಲ, ಮುಂದೆ ಬರೋರಿಗೂ ಇಲ್ಲ. ಕೆಳಗಿನಣ್ಣ ಬಿದ್ದ, ಕೆಳಗಿನವರ ಹಂಚೂ ಬಿತ್ತು ಅಂತಾಗುತ್ತೆ. ಅದಕ್ಕಿಂತ ಊರು ನೋಡೋಕೆ ಹತ್ತಿದ ಹುಚ್ಚ ಅನ್ನಿಸಿಕೊಳ್ಳೋದೇ ವಾಸಿ.

ಈಗ ಎರಡು ಕೋಲು ಹಿಡಿದು ಬಾಗಿಲ ತನಕ ಹೋಗ್ತೀನಿ. ಬಾಗಿಲಲ್ಲಿ ನಿಂತರೆ ಬೀದಿಯವರು ಒಳಗೆ ಹೋಗ್ತಾರೆ. ಹೋಗಲಿ.

ಇಂತಿ
ಕೆಳಗಿನಣ್ಣ


ಮೇ 7

ಅಣ್ಣನಿಗೆ,

ನಿಮ್ಮ ಪತ್ರಕ್ಕೆ ತಕ್ಷಣ ಉತ್ತರ ಬರೆಯಲಿಲ್ಲ. ಬರೆಯಲು ನನ್ನ ಹತ್ತಿರ ಮಾತು ಮಾತ್ರ ಇತ್ತು, ಮಾತಿನಿಂದ ನೀವು ಒಪ್ಪುವವರಲ್ಲ.

ಮೊದಲು ಕೆಟ್ಟ ಸುದ್ದಿ. ಕಂಪನಿಯವರು ಆರು ವರ್ಷದ ಫಾರಂ ತೆಗೆದು ನೋಡಿದರು. ಬಾಕಿ ಕಟ್ಟಬೇಕು, ಮೂರು ವರ್ಷಕ್ಕೆ ಹಂಚಿ ಕೊಟ್ಟಿದ್ದಾರೆ. ಇದೆಲ್ಲ ಮುಗಿಯುವ ಹೊತ್ತಿಗೆ ಆಸ್ಪತ್ರೆ ಕಟ್ಟಡದ ಕೆಲಸ ಬೇರೆಯವರ ಪಾಲಾಯಿತು. ನಾನು ಅತ್ತೆ, ಸುಳ್ಳು ಹೇಳುವುದಿಲ್ಲ. ಆದರೆ ಪಾಲಿಸಿ ಉಳಿದಿದೆ. ‘ನೀವಾಗಿಯೇ ಬಂದು ಹೇಳಿದಿರಲ್ಲ, ಅದಕ್ಕೆ’ ಎಂದರು ಟೇಪಮ್ಮ.

ಇನ್ನೊಂದು ಸಂಗತಿ. ನಮ್ಮವರನ್ನೆಲ್ಲ ಆಫೀಸಿಗೆ ಕರೆಸಿದ್ದರು. ಮೇಲಿನ ನಾಲ್ವರು ಟೊಪ್ಪಿ ಕೈಯಲ್ಲಿ ಹಿಡಿದು ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದರು. ಗಾರೆಯಕ್ಕ ಕುರ್ಚಿ ಎಳೆದುಕೊಂಡು ಕೂತಳು.

‘ನೆತ್ತಿ ಹಂಚು ಕೂರಿಸೋದು ಕೆಲಸಾನಾ, ಸಂಪ್ರದಾಯಾನಾ?’ ಎಂದು ಕೇಳಿದರು ಟೇಪಮ್ಮ.

‘ಅದನ್ನ ಕೂರಿಸದೇ ಬಿಟ್ಟರೆ ಮಳೆ ಒಳಗೆ ಬರುತ್ತಮ್ಮಾ. ಸಂಪ್ರದಾಯಕ್ಕೆ ಮಳೆ ನಿಲ್ಲುತ್ತಾ?’ ಎಂದಳು ಗಾರೆಯಕ್ಕ. ‘ಆವತ್ತು ಸರದಿ ನಂದು. ಮಂಡಿ ನೋವು ಅಂದೆ, ಅಣ್ಣ ಹತ್ತಿದ. ಊರು ನೋಡೋಕಂತೆ! ನಮ್ಮಣ್ಣನಿಗೆ ಊರಲ್ಲಿ ಮಾಡು ಬಿಟ್ಟು ಬೇರೇನೂ ಕಾಣಲ್ಲ. ಬರಕೋ.’

ಟೇಪಮ್ಮ ನಗು ತಡೆದುಕೊಂಡು ಬರೆದುಕೊಂಡರು. ಆಮೇಲೆ ನಾನು ನಿಮ್ಮ ಭಯವನ್ನೇ ಕೇಳಿದೆ, ಈ ನಿಯಮ ನಿಲ್ಲಿಸಬೇಕೇ ಎಂದು. ‘ನಿಲ್ಲಿಸಿ ಅಂತ ನಾನು ಎಲ್ಲಿ ಹೇಳಿದೆ? ಹತ್ತೋರನ್ನೆಲ್ಲ ಮೇಲಿನ ಕಾಲಂನಲ್ಲಿ ಬರೀರಿ. ಹತ್ತೋರಿಗೆಲ್ಲ ಬೆಲ್ಟ್ ಕೊಡಿ. ಯಾವ ಹಂಚು ಯಾರು ಇಡ್ತಾರೆ ಅನ್ನೋದು ನಿಮ್ಮ ಮನೆ ವಿಷಯ’ ಎಂದರು.

ಅಷ್ಟೇ, ಅಣ್ಣಾ. ಇಷ್ಟು ಕಾಲ ನಾವು ಅಡಗಿಸಿಟ್ಟದ್ದಕ್ಕೆ ಬೇಕಾಗಿದ್ದದ್ದು ಇನ್ನೂ ಕೆಲವು ಬೆಲ್ಟು, ಒಂದು ನೇರವಾದ ಗೆರೆ.

ಈ ನಡುವೆ ಒಂದು ಸಣ್ಣ ಕೆಲಸ ನಡೆಯುತ್ತಿತ್ತು, ಬೀದಿ ಕೊನೆಯ ಗ್ರಂಥಾಲಯದ ಮಾಡು. ನಿಮ್ಮ ಜಾಗಕ್ಕೆ ಬೇರೆ ಜನ ಇಟ್ಟಿಲ್ಲ. ನಾನೇ ನಿಂತೆ. ನಗಬೇಡಿ. ಮೊದಲ ದಿನ ಹನ್ನೊಂದು ಹಂಚು ಒಡೆದೆ. ಎರಡನೇ ವಾರದಲ್ಲಿ ಒಂದನ್ನು ಎಸೆದು ಇನ್ನೊಂದನ್ನು ಎತ್ತಿಕೊಳ್ಳುವ ನಡುವೆ ಉಸಿರು ತೆಗೆದುಕೊಳ್ಳುವುದು ಬಂತು. ಕುತ್ತಿಗೆ ನಿಮ್ಮದರ ಹಾಗೇ ಮೇಲಕ್ಕೆ ಸಿಕ್ಕಿಕೊಂಡಿದೆ. ಕೆಳಗೆ ನಿಂತವರಿಗೆ ಮಾತ್ರ ಸಾಲು ಸೊಟ್ಟಗಾಗುವುದು ಕಾಣುತ್ತದೆ, ಮೇಲಿರುವವರಿಗೆ ಕಾಣುವುದಿಲ್ಲ, ಅಲ್ಲವೇ? ಇದು ನನಗೆ ಗೊತ್ತಿರಲಿಲ್ಲ.

ನಿನ್ನೆ ಕೆಲಸ ಮುಗಿಯಿತು. ನೆತ್ತಿಯ ಹಂಚನ್ನು ಗಾರೆಯಕ್ಕನ ಕೈಗೆ ಕೊಡಲು ಹೋದೆ. ‘ನನಗ್ಯಾಕೆ? ಈ ಸಲ ಹಂಚು ಎತ್ತಿ ಕೊಟ್ಟವಳು ನೀನು. ನಡಿ’ ಎಂದಳು. ನನಗೆ ಏಣಿಯ ಮೂರನೇ ಮೆಟ್ಟಿಲಿಗೇ ತಲೆ ತಿರುಗುತ್ತದೆಂದು ನಿಮಗೆ ಗೊತ್ತು. ಬೆಲ್ಟು ಕಟ್ಟಿದರು, ಹಗ್ಗ ಹಿಡಿದರು. ಮೂರನೇ ಮೆಟ್ಟಿಲಲ್ಲಿ ಕಣ್ಣು ಮುಚ್ಚಿದೆ. ‘ಕಣ್ಣು ಬಿಡು, ಇಲ್ಲಾಂದ್ರೆ ಇಳಿ!’ ಎಂದು ಗಾರೆಯಕ್ಕ ಕೆಳಗಿನಿಂದ ಕೂಗಿದಳು. ಬಿಟ್ಟೆ. ಮೊಣಕಾಲೂರಿ ತೆವಳುತ್ತ ಹೋದೆ, ಅದನ್ನು ಹತ್ತಿದ್ದು ಎನ್ನುವುದು ದೊಡ್ಡ ಮಾತು. ಗಾರೆಯ ಮೇಲೆ ಹಂಚು ಇಟ್ಟು ಅಂಗೈಯಿಂದ ಒತ್ತಿದಾಗ ಅದು ಒಂಚೂರು ಜಾರಿ, ಸರಿದು, ತನ್ನ ಜಾಗ ಹುಡುಕಿಕೊಂಡು ಕೂತಿತು. ಕೂತದ್ದು ಅಂಗೈಗೇ ಗೊತ್ತಾಯಿತು. ಊರು ನೋಡಲೇ ಇಲ್ಲ. ಹಂಚನ್ನೇ ನೋಡುತ್ತಿದ್ದೆ.

ಇಷ್ಟು ವರ್ಷ ನಾನು ಫಾರಂನಲ್ಲಿ ಹತ್ತು ನಿಮಿಷದ ಮಾತೆಂದು ಬಿಟ್ಟದ್ದು ಇದನ್ನು.

ಹೊಸ ಫಾರಂನ ನಕಲು ಇದರೊಂದಿಗಿದೆ. ಮೇಲಿನ ಕಾಲಂನಲ್ಲಿ ಏಳು ಹೆಸರು. ಐದನೆಯದು ನಿಮ್ಮದು, ಏಳನೆಯದು ನನ್ನದು. ಬೆಲ್ಟೂ ಏಳು. ಕೆಳಗಿನ ಕಾಲಂ ಖಾಲಿ. ನೀವು ಸಹಿ ಮಾಡಿದರೆ ಯಾವ ಹಂಚೂ ಬೀಳುವುದಿಲ್ಲ. ಮಾಡದೇ ಹೋದರೆ, ಕೆಳಗಿನವರು ಇಡುವ ಹಂಚು ಕೆಲಸವಲ್ಲ, ಹುಚ್ಚು ಎಂದು ಕಂಪನಿಯ ಕಡತದಲ್ಲಿ ನಿಮ್ಮ ಕೈಯಿಂದಲೇ ಬರೆದ ಹಾಗಾಗುತ್ತದೆ.

ಕಾಗದದಕ್ಕ


ಮೇ 29

ತಂಗ್ಯಮ್ಮನಿಗೆ,

ಹನ್ನೊಂದು ಹಂಚು! ಯಜಮಾನರು ಇದ್ದಿದ್ದರೆ ನಿನ್ನನ್ನ ಮನೆಗೆ ಕಳಿಸಿ ಊಟ ಮಾತ್ರ ಎರಡು ಸಲ ಬಡಿಸ್ತಿದ್ದರು. ಎಸೆಯುವಾಗ ಹೆಬ್ಬೆರಳು ಹಂಚಿನ ಒಳಗಡೆ ಇರಬೇಕು, ಮೇಲಲ್ಲ. ಯಾರೂ ಹೇಳಿಕೊಡಲಿಲ್ಲವಾ?

ಟೇಪಮ್ಮನಿಗೆ ಹೇಳಿಕಳಿಸಿದೆ, ಬಂದಳು. ‘ಮೊದಲು ಹೇಳಿದ್ದು ಸುಳ್ಳು’ ಅಂದೆ. ‘ಗೊತ್ತಿತ್ತು’ ಅಂದಳು. ‘ಗೊತ್ತಿದ್ದೂ ಯಾಕೆ ಬರಕೊಂಡೆ?’ ‘ನೀವು ಹೇಳಿದ್ದನ್ನ ಬರೆಯೋದು ನನ್ನ ಕೆಲಸ. ಇನ್ನೊಂದು ಸಲ ಬರೋದೂ ನನ್ನ ಕೆಲಸ. ಈಗ ಹೇಳಿ.’ ಹೇಳಿದೆ. ಯಜಮಾನರ ಕಾಲದಿಂದ ಶುರು ಮಾಡಿದೆ. ಎರಡು ಗಂಟೆ ಆಯ್ತು. ಅವಳ ಪುಸ್ತಕದ ಹಾಳೆ ಮುಗಿದು ನಮ್ಮ ಹಾಲಿನ ಲೆಕ್ಕದ ಪುಸ್ತಕದಿಂದ ನಾಲ್ಕು ಹಾಳೆ ಹರಿದು ಕೊಟ್ಟಳು ಇವಳು. ಬಲಗೈಯಲ್ಲೇ ಸಹಿ ಹಾಕಿದೆ. ಅಕ್ಷರ ವಾಲಿತು, ಆದರೂ ಅದು ನನ್ನ ಸಹಿಯೇ, ಗುರುತು ಸಿಗುತ್ತೆ.

ಏಳನೇ ಬೆಲ್ಟು ಸರಿ. ಗಾಳಿ ಇರೋ ದಿನ ಮಾತ್ರ ನೀನು ಹತ್ತಬೇಡ, ತೂಕ ಇಲ್ಲ ನಿನಗೆ.

ಇಂತಿ
ಕೆಳಗಿನಣ್ಣ

ಅತ್ತಿಗೆ ಬರೀತಿರೋದು. ನೀನು ಹತ್ತಿದ್ದನ್ನ ಇವರು ಆರು ಸಲ ಓದಿಸಿಕೊಂಡರು. ತಮಗೇ ಓದೋಕೆ ಬರುತ್ತೆ, ಆದರೂ ನನ್ನ ಕೈಯಲ್ಲೇ ಓದಿಸಬೇಕಂತೆ. ಮಾರ್ಚಿನಲ್ಲಿ ನಿನ್ನನ್ನ ನೀವು ಅಂದಿದ್ದೆ. ಆ ನೀವು ವಾಪಸ್ ತಗೊಂಡಿದ್ದೀನಿ. ಊಟ ಸರಿಯಾಗಿ ಮಾಡು.


ಜುಲೈ 4

ತಂಗ್ಯಮ್ಮನಿಗೆ,

ಕಂಪನಿಯ ಕಾಗದ ಇವತ್ತು ಬಂತು. ಒಪ್ಪಿದ್ದಾರೆ. ಆಸ್ಪತ್ರೆಯದೂ ಸೇರಿ, ಬಿದ್ದ ದಿನದಿಂದ ಲೆಕ್ಕ. ಕಾಗದದಲ್ಲಿ ಒಂದು ಸಾಲು ಇದೆ, ಅದನ್ನ ನಿನಗೆ ಹಾಗೇ ಬರೀತೀನಿ: ‘ಮಾಡಿನ ಕೆಲಸಗಾರ, ಕರ್ತವ್ಯದಲ್ಲಿದ್ದಾಗ.’ ಇಪ್ಪತ್ತೆರಡು ವರ್ಷದಲ್ಲಿ ನನ್ನನ್ನ ಯಾರೂ ಮಾಡಿನ ಕೆಲಸಗಾರ ಅಂದಿರಲಿಲ್ಲ. ಅಂದಿದ್ದರೂ ನನ್ನ ಕಿವಿಗೆ ಬಿದ್ದಿಲ್ಲ. ಬಾಗಿಲಲ್ಲಿ ನಿಂತು ಇವಳಿಗೆ ಓದಿ ಹೇಳಿದೆ. ನನ್ನ ದನಿ ಎಷ್ಟು ಅಂತ ನಿನಗೆ ಗೊತ್ತಲ್ಲ, ಬೀದಿ ಕೊನೆಯ ನಾಯಿ ಎದ್ದು ಕೂತಿತು.

ಡಾಕ್ಟರು ಇನ್ನು ಭಾರ ಎತ್ತಬಾರದು ಅಂದರು. ಅಂದರೆ ಹಂಚು ಎಸೆಯೋದು ಮುಗೀತು. ಈಗ ಒಂದೇ ಕೋಲು ಸಾಕು. ಮುಂದಿನ ತಿಂಗಳು ಬಸ್ಸು ಹತ್ತಬಹುದಂತೆ. ಬಂದು ಏನು ಮಾಡಲಿ ಅಂತ ನನಗೂ ಗೊತ್ತಿಲ್ಲ, ನೀನೂ ಕೇಳಬೇಡ. ಬರ್ತೀನಿ ಅಷ್ಟೆ.

ಇಂತಿ
ಕೆಳಗಿನಣ್ಣ

ಅತ್ತಿಗೆ ಬರೀತಿರೋದು. ಲಕೋಟೆ ಅಂಟಿಸೋಕೆ ಕೂತಿದ್ದೆ, ಅದಕ್ಕೇ ಇದನ್ನ ಹಿಂದುಗಡೆ ಬರೀತಿದ್ದೀನಿ. ಎದುರುಮನೆಯವರು ಬಾಗಿಲಿಗೆ ಬಂದರು. ನಾವು ಬಂದು ಐದು ತಿಂಗಳಾದರೂ ನಮ್ಮ ಬಾಗಿಲು ತುಳಿದವರಲ್ಲ. ಒಳಗೆ ಬನ್ನಿ ಅಂದೆ, ಬರಲಿಲ್ಲ. ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಆಚೆಯೇ ನಿಂತು, ಇವರಿಗೆ ಕೇಳಲಿ ಅಂತ ಗಟ್ಟಿಯಾಗಿಯೇ ಹೇಳಿದರು: ‘ಅಣ್ಣಾವ್ರೇ, ನಾವು ಏನೇನೋ ಅಂದುಕೊಂಡ್ವಿ, ಮನಸ್ಸಿಗೆ ಹಚ್ಚಿಕೋಬೇಡಿ. ನಮ್ಮ ಹಿಂದಿನ ಕೋಣೆ ಎರಡು ವರ್ಷದಿಂದ ಸೋರ್ತಿದೆ. ಬಂದವರೆಲ್ಲ ಮೇಲೆ ಹತ್ತಿ ನೋಡಿ ಏನೂ ಗೊತ್ತಾಗಲ್ಲ ಅಂತಾರೆ. ನೀವು ಹತ್ತೋದು ಬೇಡ, ಬಂದು ಕೆಳಗೆ ನಿಂತು ನೋಡಿ ಹೇಳಿ. ನೋಡಿ ಹೇಳೋದಕ್ಕೆ ನೀವು ಎಷ್ಟು ತಗೋತೀರಿ?’